ಹನ್ನೆರಡು ತಿಂಗಳ ಮಗು ಹನ್ನೆರಡು ದಿನದ್ದಾದಾಗ

ಮಕ್ಕಳ ತೂಕ, ಎತ್ತರದ ಲೆಕ್ಕ ಮೊದಲು ನನ್ನ ಕೈಗೆ ಬಂದಾಗ, ಸುಮ್ನೆ ಸಾಫ್ಟ್‌ವೇರ್ ಓಡಿಸಿದರೆ ಮುಗೀತು ಅಂದುಕೊಂಡಿದ್ದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡಕ್ಕೆ ಹೋಲಿಸಿ ಝಡ್ ಸ್ಕೋರ್ (ಮಾನದಂಡದ ಮಧ್ಯದ ಅಳತೆಗಿಂತ ಮಗು ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನುವ ಅಂಕ) ಕೊಡುವ ‘ಆಂಥ್ರೊ’ ಪ್ಯಾಕೇಜು, ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ ಭಾಷೆಯಲ್ಲಿ ಉಚಿತವಾಗಿ ಸಿಗುತ್ತದೆ. ವಯಸ್ಸಿಗೆ ತಕ್ಕ ಎತ್ತರದ ಸ್ಕೋರ್ -2ಕ್ಕಿಂತ ಕೆಳಗಿದ್ದರೆ ಬೆಳವಣಿಗೆ ಕುಂಠಿತ, -3ಕ್ಕಿಂತ ಕೆಳಗಿದ್ದರೆ ತೀವ್ರ.

ಮೊದಲ ಸಲ ಓಡಿಸಿದೆ. ಎತ್ತರದ ಕಾಲಂ ತುಂಬ ಎಚ್ಚರಿಕೆಯ ಗುರುತು. ಎಲ್ಲ ಮಕ್ಕಳೂ ದೈತ್ಯರು! ಎತ್ತರಕ್ಕೆ ತಕ್ಕ ತೂಕ ಮಾತ್ರ ಸರಿಯಾಗಿಯೇ ಇತ್ತು. ಸುಳಿವು ಸಿಕ್ಕಿದ್ದು ಅಲ್ಲೇ. ಆ ಲೆಕ್ಕಕ್ಕೆ ವಯಸ್ಸಿನ ಹಂಗು ಕಡಿಮೆ ಅಲ್ವಾ? ನಾನು ವಯಸ್ಸನ್ನು ತಿಂಗಳಲ್ಲಿ ಕೊಟ್ಟಿದ್ದೆ. ತಿಂಗಳು ಅಂತ ಬಿಡಿಸಿ ಹೇಳದಿದ್ದರೆ ಆಂಥ್ರೊ ಅದನ್ನು ದಿನ ಅಂತಲೇ ಓದುತ್ತದೆ. ಅಳೆದ ತಾರೀಖಿನಿಂದ ಹುಟ್ಟಿದ ತಾರೀಖು ಕಳೆದು ದಿನ ಕೊಡುವುದೇ ಒಳ್ಳೆಯದು.

ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. 12 ತಿಂಗಳ ಒಬ್ಬ ಗಂಡುಮಗುವಿನ ಉದ್ದ 67.5 ಸೆಂ.ಮೀ. ಅಂತಿತ್ತು. ಸ್ಕೋರ್ ಸುಮಾರು -3.5. ಎತ್ತರದಲ್ಲಿ ಸ್ಕೋರ್ +6 ದಾಟಿದರೆ ಇಲ್ಲವೇ -6ಕ್ಕಿಂತ ಕೆಳಗಿಳಿದರೆ ಮಾತ್ರ ಎಚ್ಚರಿಕೆಯ ಗುರುತು ಬೀಳುವುದು, ಹಾಗಾಗಿ ಇದು ಸದ್ದಿಲ್ಲದೆ ತೀವ್ರ ಕುಂಠಿತರ ಪಟ್ಟಿಗೆ ಸೇರಿತ್ತು. ಹಿಂದಿನ ಭೇಟಿಯ ಸಾಲು ತೆಗೆದು ನೋಡಿದರೆ 9 ತಿಂಗಳಿಗೇ 72 ಇತ್ತು. ಮಗು ಗಿಡ್ಡ ಆಗುತ್ತದೆಯೇ? ಮೂಲ ಹಾಳೆಯಲ್ಲಿದ್ದದ್ದು 76.5. ಬರೆದವರು ಅಂಕಿ ಅದಲು ಬದಲು ಮಾಡಿದ್ದರು. ಅಂದಿನಿಂದ ಸ್ಕೋರ್ ನೋಡುವ ಮೊದಲು ಪ್ರತಿ ಮಗುವಿನ ಅಳತೆಗಳನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ, ಎಲ್ಲಿ ಇಳಿದಿದೆ ಅಂತ ಹುಡುಕುತ್ತೇನೆ.

ಮಲಗಿಸಿ ಅಳೆದರೋ ನಿಲ್ಲಿಸಿಯೋ ಅನ್ನುವ ಕಾಲಂ ಕೂಡ ಬಿಡಬೇಡಿ, ಅಲ್ಲಿ 0.7 ಸೆಂ.ಮೀ. ವ್ಯತ್ಯಾಸವಿದೆ.

ಇನ್ನು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು. 32 ವಾರಕ್ಕೆ ಹುಟ್ಟಿದ ಗಂಡುಮಗು 3 ತಿಂಗಳಿಗೆ 4.4 ಕೆ.ಜಿ. ಇದ್ದರೆ ತೂಕದ ಸ್ಕೋರ್ -3ರ ಆಸುಪಾಸು. ಬೇಗ ಬಂದ 8 ವಾರ ಕಳೆದು ನೋಡಿದರೆ -1ರಷ್ಟೂ ಇಳಿಯುವುದಿಲ್ಲ. ಅದೇ ಮಗು, ಅದೇ ತೂಕ! ಈಗ ಇಂಥವರನ್ನು ಇಂಟರ್‌ಗ್ರೋತ್-21 ಯೋಜನೆಯ, ಅವಧಿಗೆ ಮುಂಚೆ ಹುಟ್ಟಿದವರ ಬೆಳವಣಿಗೆಯ ಮಾನದಂಡಕ್ಕೆ ಹಾಕುತ್ತೇನೆ. ಅದು ಗರ್ಭದ ವಾರಗಳನ್ನೂ ಸೇರಿಸಿ 64 ವಾರದವರೆಗೆ ಬರುತ್ತದೆ. ಆರ್‌ನಲ್ಲಿ ‘ಗಿಗ್ಸ್’ ಪ್ಯಾಕೇಜಿನಲ್ಲಿ ಇದೂ ಇದೆ, ಭ್ರೂಣದ ಮತ್ತು ನವಜಾತ ಶಿಶುವಿನ ಮಾನದಂಡವೂ ಇದೆ. ಗರ್ಭದ ವಾರ ಬರೆದಿರದ ಮಕ್ಕಳನ್ನು ಮಾತ್ರ ಬೇರೆ ಹಾಳೆಗೆ ತೆಗೆದಿಡುತ್ತೇನೆ. ಊಹೆ ಮಾಡಿ 40 ಅಂತ ತುಂಬುವುದಿಲ್ಲ.