ವೇಡಿಂಗ್ ಬೂಟಿನ ಸೈಜ್ ನಾನು ಆರಿಸಿದ್ದು ಹೀಗೆ

ವೇಡರ್ (ಹೊಳೆಯಲ್ಲಿ ನಿಲ್ಲಲು ಹಾಕುವ, ನೀರು ಒಳಗೆ ಬಿಡದ ಪ್ಯಾಂಟು) ಮೊದಲು, ಅದರ ಮೇಲೆ ಹಾಕುವ ಬೂಟು ಆಮೇಲೆ. ಫ್ಲೈ ಫಿಶಿಂಗ್‌ಗೆ, ಅಂದರೆ ಹುಳದಂತೆ ಕಾಣುವ ಕೃತಕ ಗಾಳದಿಂದ ಮೀನು ಹಿಡಿಯುವುದಕ್ಕೆ, ಬೇಕಾದ್ದನ್ನು ಕೂಡಿಸುವಾಗ ನಾನು ಹಿಡಿದ ಕ್ರಮ ಇದು. ನನ್ನದು ಸ್ಟಾಕಿಂಗ್‌ಫುಟ್ ವೇಡರ್. ಅದರ ಕಾಲಿನ ತುದಿಯಲ್ಲಿ ಬೂಟು ಇರುವುದಿಲ್ಲ, ನಿಯೋಪ್ರೀನ್ (ಮೆತ್ತನೆಯ ನೊರೆ ರಬ್ಬರ್) ಸಾಕ್ಸ್ ಇರುತ್ತದೆ. ದಪ್ಪ ಸಾಮಾನ್ಯವಾಗಿ 3ರಿಂದ 4 ಮಿ.ಮೀ. ಅದರೊಳಗೆ ಉಣ್ಣೆಯ ಸಾಕ್ಸ್ ಬೇರೆ. ಇಷ್ಟೆಲ್ಲ ಹಾಕಿಕೊಂಡ ಪಾದ ಬೂಟಿನೊಳಗೆ ಕೂರಬೇಕು. ಬರೀ ಪಾದದ ಅಳತೆ ಸಾಲದು, ಅಲ್ವಾ?

ಹಾಗಂತ ಸುಮ್ನೆ ಒಂದು ಸೈಜ್ ದೊಡ್ಡದು ತೊಗೊಂಡರೆ ಆಯಿತು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೆಲವು ಕಂಪನಿಗಳು ನಿಯೋಪ್ರೀನ್ ದಪ್ಪವನ್ನು ಲೆಕ್ಕಕ್ಕೆ ಹಿಡಿದೇ ಬೂಟು ಮಾಡಿರುತ್ತವೆ. ದಿನವೂ 9 ಹಾಕುವವರಿಗೆ ಅವರ 9 ಸರಿಹೋಗುತ್ತದೆ. ಅದಕ್ಕೆ ನಾವೂ ಒಂದು ಸೇರಿಸಿದರೆ ಬೂಟು ಲೊಡ ಲೊಡ ಅನ್ನುತ್ತದೆ. ಇನ್ನು ಕೆಲವರು ಒಂದು ಸೈಜ್ ಜಾಸ್ತಿ ತೊಗೊಳ್ಳಿ ಎಂದು ತಾವೇ ಬರೆದಿರುತ್ತಾರೆ. ಹಾಗಾಗಿ ಆಯಾ ಕಂಪನಿಯ ಸೈಜ್ ಪಟ್ಟಿಯನ್ನೇ ಓದಿದೆ. ನಂಬರ್ ಯಾವ ದೇಶದ್ದು ಎಂದೂ ನೋಡಿದೆ. ಗಂಡಸರ ಬೂಟಿನಲ್ಲಿ ಅಮೆರಿಕದ ನಂಬರ್ ಬ್ರಿಟನ್ನಿನದಕ್ಕಿಂತ ಸುಮಾರು ಒಂದು ಹೆಚ್ಚು.

ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ಕಾಗದದ ಮೇಲೆ ನಿಂತು ಎರಡೂ ಪಾದಗಳ ಗೆರೆ ಎಳೆದೆ. ಉದ್ದ ಇರುವ ಪಾದವನ್ನೇ ಲೆಕ್ಕಕ್ಕೆ ತೊಗೊಂಡೆ. ಎಷ್ಟೋ ವೇಡಿಂಗ್ ಬೂಟುಗಳಲ್ಲಿ ಅರ್ಧ ಸೈಜ್ ಇರುವುದಿಲ್ಲ. ನನ್ನ ಅಳತೆ ಎರಡು ನಂಬರಿನ ನಡುವೆ ಬಂತು. ಮೇಲಿನದನ್ನು ಆರಿಸಿದೆ.

ನಿಜವಾದ ಪರೀಕ್ಷೆ ಬೂಟು ಕೈಗೆ ಬಂದ ಮೇಲೆ. ವೇಡರ್ ಪೂರ್ತಿ ಹಾಕಿಕೊಂಡು ಮನೆಯೊಳಗೇ ನೋಡಿದೆ. ತಳಕ್ಕೆ ಮಣ್ಣು ಹತ್ತದಿದ್ದರೆ ಬದಲಾಯಿಸಿಕೊಳ್ಳಲು ಸುಲಭ. ಲೇಸ್ ಬಿಚ್ಚಿ ಪಾದವನ್ನು ಮುಂದಕ್ಕೆ ತಳ್ಳಿದೆ. ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗುವಷ್ಟು ಜಾಗ ಇತ್ತು. ಆಮೇಲೆ ಲೇಸ್ ಬಿಗಿದು ಮೆಟ್ಟಿಲು ಹತ್ತಿ ಇಳಿದೆ. ಹತ್ತುವಾಗ ಹಿಮ್ಮಡಿ ಮೇಲೇಳಬಾರದು. ಇಳಿಯುವಾಗ ಹೆಬ್ಬೆರಳು ಮುಂದೆ ತಾಗಬಾರದು. ಅಷ್ಟೂ ಹೊತ್ತು ಬೆರಳುಗಳು ಒಳಗೆ ಆಡುತ್ತಿರಬೇಕು.

ಬೆರಳು ಆಡಬೇಕು ಅನ್ನುವುದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ. ನಿಯೋಪ್ರೀನ್ ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆಗಳಿವೆ. ಪಾದವನ್ನು ಬೆಚ್ಚಗಿಡುವುದು ಆ ಗುಳ್ಳೆಗಳಲ್ಲಿರುವ ಅನಿಲವೇ. ಬೂಟು ಬಿಗಿಯಾದರೆ ಗುಳ್ಳೆಗಳು ಅದುಮಿಹೋಗುತ್ತವೆ, ರಕ್ತ ಓಡಾಟವೂ ಕಡಿಮೆ. ತಣ್ಣನೆ ನೀರಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಕೆಲಸ ಇದು. ಚಳಿ ಅಂತ ಬಿಗಿ ಬೂಟಿನೊಳಗೆ ಇನ್ನೊಂದು ಸಾಕ್ಸ್ ತುರುಕಿದರೆ ಚಳಿ ಇನ್ನೂ ಜಾಸ್ತಿಯಾಗುತ್ತದೆ.

ಸಡಿಲ ಬೂಟಿನ ಕಷ್ಟ ಬೇರೆ ಥರ. ಹೊಳೆಯ ತಳದಲ್ಲಿ ಇರುವುದು ಪಾಚಿ ಹಿಡಿದ ಉರುಟು ಕಲ್ಲುಗಳು. ಬೂಟಿನೊಳಗೆ ಪಾದ ಜಾರಿದರೆ ಕಣಕಾಲು ಉಳುಕುತ್ತದೆ. ಸೆಳವಿನಲ್ಲಿ ಹಾಗೆ ಆಯ ತಪ್ಪುವುದು ಅಪಾಯ. ವೇಡರ್‌ಗೂ ಏಟು ಬೀಳುತ್ತದೆ. ಒಳಗೆ ಮರಳು ಸೇರಿ, ನಿಯೋಪ್ರೀನ್ ಮಡಿಕೆ ಬಿದ್ದು, ಅದೇ ಜಾಗ ಮತ್ತೆ ಮತ್ತೆ ಉಜ್ಜಿ ತೂತಾಗುತ್ತದೆ. ವೇಡರ್‌ನ ಸಾಕ್ಸ್ ಪಾದಕ್ಕಿಂತ ತೀರ ದೊಡ್ಡದಿದ್ದರೂ ಇದೇ ಮಡಿಕೆ ಬರುತ್ತದೆ. ಆಗ ಬೂಟು ಎಷ್ಟು ಬದಲಾಯಿಸಿದರೂ ಉಪಯೋಗವಿಲ್ಲ. ವೇಡರ್ ಮೊದಲು ಅಂದದ್ದು ಇದಕ್ಕೇ.

ಕೊನೆಗೆ ಸರಿಹೊಂದಿದ್ದು ಎರಡು ಜೊತೆ ಬೂಟು. ಒಂದಕ್ಕೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ನಾರಿನ ಬಟ್ಟೆ) ತಳ, ಇನ್ನೊಂದಕ್ಕೆ ರಬ್ಬರ್. ನಾನು ರಬ್ಬರ್ ತೊಗೊಂಡೆ. ಫೆಲ್ಟ್ ಬೇಗ ಒಣಗುವುದಿಲ್ಲ. ಅದರಲ್ಲಿ ಉಳಿದ ಪಾಚಿ ಇನ್ನೊಂದು ನದಿಗೆ ಹೋಗಬಹುದು. ನ್ಯೂಜಿಲೆಂಡ್‌ನಲ್ಲಿ 2008ರಲ್ಲೇ ಮೀನು ಹಿಡಿಯುವವರಿಗೆ ಫೆಲ್ಟ್ ತಳ ನಿಷೇಧವಾಯಿತು.

ಬೇಸಿಗೆಯಲ್ಲಿ ವೇಡರ್ ಇಲ್ಲದೆ ನೀರಿಗಿಳಿಯುವಾಗಲೂ ಇದೇ ಬೂಟು. ಖಾಲಿ ಜಾಗ ತುಂಬಲು ಬಿಡಿ ನಿಯೋಪ್ರೀನ್ ಸಾಕ್ಸ್ ಹಾಕುತ್ತೇನೆ. ಲೇಸ್ ಮಾತ್ರ ನೆನೆದ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ನೀರಿಗಿಳಿದು ಸ್ವಲ್ಪ ಹೊತ್ತಾದ ಮೇಲೆ ದಡಕ್ಕೆ ಬಂದು ಇನ್ನೊಮ್ಮೆ ಬಿಗಿದು ಕಟ್ಟಿಕೊಳ್ಳುತ್ತೇನೆ.