ಮೊಬೈಲ್ ಏಲಂನಲ್ಲಿ ಹಳೇ ವಾಚು: ಬಿಡ್ ಹಾಕುವ ಮೊದಲು ಏನೇನು ನೋಡಬೇಕು?

ಊರಿನ ದೇವಸ್ಥಾನದಲ್ಲಿ ಹಲಸಿನ ಹಣ್ಣು ಏಲಂಗೆ ಬಂದಾಗ ಯಾರೂ ಸುಮ್ನೆ ಕೂಗುವುದಿಲ್ಲ. ಒಬ್ಬರು ತಟ್ಟಿ ನೋಡುತ್ತಾರೆ, ಇನ್ನೊಬ್ಬರು ತೊಟ್ಟಿನ ಹತ್ತಿರ ಬಗ್ಗಿ ಮೂಸುತ್ತಾರೆ. ಬೆಲೆಯ ಮಾತು ಆಮೇಲೆ. ಮೊಬೈಲಿನ ಹರಾಜಿನಲ್ಲಿ ತಟ್ಟುವ ಹಾಗಿಲ್ಲ, ಮೂಸುವ ಹಾಗೂ ಇಲ್ಲ. ಇರುವುದು ನಾಲ್ಕು ಫೋಟೊ, ಎಂಟು ಸಾಲು. ನಾನು ಬಿದ್ದದ್ದು ಆ ಎಂಟು ಸಾಲಿನಲ್ಲೇ.

ಅಪ್ಪ ಮುಂಬೈ ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಕೈಯಲ್ಲಿ ಎಚ್‌ಎಂಟಿ ಜನತಾ. ದಿನಾ ಬೆಳಿಗ್ಗೆ ಶಟರ್ ಎತ್ತುವ ಮೊದಲು ಅದಕ್ಕೆ ಕೀ ಕೊಡುವುದು ಅವರ ಮೊದಲ ಕೆಲಸ. ದಾದರ್‌ನಿಂದ ಡೊಂಬಿವಲಿಗೆ ಮನೆ ಬದಲಾಯಿಸುವಾಗ ಆ ವಾಚು ಎಲ್ಲೋ ಕಳೆದುಹೋಯಿತು. ಅಪ್ಪ ಹೋದ ಮೇಲೆ ಅಂಥದ್ದೇ ಒಂದು ಬೇಕು ಅನ್ನಿಸಿತು. ಆನ್‌ಲೈನ್ ಹರಾಜಿನಲ್ಲಿ ಹುಡುಕಿದೆ, ಬಿಡ್ ಹಾಕಿದೆ, 3,800 ರೂಪಾಯಿಗೆ ಗೆದ್ದೆ. ವಾಚು ಬಂತು, ಫಳಫಳ ಹೊಳೆಯುತ್ತಿತ್ತು. ಚೋರ್ ಬಜಾರಿನ ಮಟನ್ ಸ್ಟ್ರೀಟ್ ಹತ್ತಿರ ರಿಪೇರಿಗೆ ಕೂರುವ ಚಾಚಾಗೆ ತೋರಿಸಿದೆ. ಹಿಂದಿನ ಮುಚ್ಚಳ ತೆಗೆದರು, ಕಣ್ಣಿಗೆ ಗಾಜು ಸಿಕ್ಕಿಸಿ ನೋಡಿದರು. "ಯೇ ತೋ ಖಿಚಡಿ ಹೈ" ಅಂದರು.

ಡಯಲ್‌ಗೆ ಹೊಸ ಬಣ್ಣ ಬಳಿದಿದ್ದರು. ಮುಳ್ಳುಗಳು ಬೇರೆ ವಾಚಿನವು. ಮಷೀನು ಮಾತ್ರ ಎಚ್‌ಎಂಟಿಯದೇ, ಆದರೆ ಎರಡು ಮೂರು ಮಷೀನುಗಳಿಂದ ಜೋಡಿಸಿದ್ದು. ಇಂಥ ವಾಚಿಗೆ ಹೊರದೇಶದ ಸಂಗ್ರಹಕಾರರು ಒಂದು ಹೆಸರನ್ನೇ ಇಟ್ಟಿದ್ದಾರೆ: 'ಮುಂಬೈ ಸ್ಪೆಷಲ್'. ವಡಾಪಾವ್‌ಗೆ ಸಿಗಬೇಕಾಗಿದ್ದ ಹೆಸರು, ನೋಡಿ!

ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ್ದು 1961ರಲ್ಲಿ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿ ಮುಚ್ಚಲು ತೀರ್ಮಾನಿಸಿತು. ಕೀ ಕೊಡುವ ಜನತಾ, ಪೈಲಟ್ ಮಾದರಿಯ ವಾಚುಗಳನ್ನು ಹುಡುಕುವವರು ಈಗ ಎಲ್ಲ ಕಡೆ ಇದ್ದಾರೆ. ಹುಡುಕುವವರು ಇದ್ದ ಕಡೆ ಬಣ್ಣ ಬಳಿಯುವವರೂ ಇರುತ್ತಾರೆ.

ಮೊದಲು ಕೊನೆಯ ಸಾಲು ಓದಿ

ನನ್ನ ವಾಚಿನ ಶೀರ್ಷಿಕೆಯಲ್ಲಿ 'ಒರಿಜಿನಲ್ ಎಚ್‌ಎಂಟಿ ಜನತಾ' ಅಂತ ಇತ್ತು. ವಿವರಣೆಯ ತೀರಾ ಕೆಳಗೆ, 'ಇನ್ನಷ್ಟು ಓದಿ' ಒತ್ತಿದರೆ ಮಾತ್ರ ಕಾಣುವ ಜಾಗದಲ್ಲಿ 'ಡಯಲ್ ರೀಫಿನಿಶ್ಡ್', ಅಂದರೆ ಮತ್ತೆ ಬಣ್ಣ ಬಳಿದದ್ದು, ಅಂತಲೂ ಇತ್ತು. ನಾನು ಒತ್ತಿರಲಿಲ್ಲ. ಮಾರಿದವನು ಪೂರ್ತಿ ಸುಳ್ಳು ಹೇಳಿರಲಿಲ್ಲ, ಅಲ್ವಾ? ಅದಕ್ಕೇ ಆಮೇಲೆ ನನ್ನ ಬಾಯಿ ಕಟ್ಟಿತು.

ಹಾಗಾಗಿ ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯದು. ಶೀರ್ಷಿಕೆ ಒಂದು ಹೇಳಿ, 'ಕಂಡಿಷನ್' ಅನ್ನುವ ಕಾಲಂ ಇನ್ನೊಂದು ಹೇಳಿದರೆ ಕಾಲಂ ಅನ್ನೇ ನಂಬಿ. ಕೆಲವು ಪದಗಳಿಗೆ ಈ ವ್ಯಾಪಾರದಲ್ಲಿ ಬೇರೆಯೇ ಅರ್ಥ ಇದೆ. 'ರೀಸ್ಟೋರ್ಡ್' ಅಂದರೆ ಹೆಚ್ಚಾಗಿ ಬಣ್ಣ ಬಳಿದದ್ದು. 'ಮಿಲಿಟರಿ ಸ್ಟೈಲ್' ಅಂದರೆ ಮಿಲಿಟರಿಯದ್ದಲ್ಲ. 'ರನ್ನಿಂಗ್' ಅಂದರೆ ಅಲ್ಲಾಡಿಸಿದಾಗ ಟಿಕ್ ಟಿಕ್ ಅಂದಿದೆ, ಅಷ್ಟೇ. ಸರಿಯಾದ ಸಮಯ ತೋರಿಸುತ್ತದೆ ಅಂತ ಎಲ್ಲೂ ಹೇಳಿಲ್ಲ. ಇನ್ನು 'ಟೆಸ್ಟ್ ಮಾಡಿಲ್ಲ' ಅನ್ನುವುದು ನನಗೆ ನಗು ತರಿಸುವ ಮಾತು. ವಾಚಿಗೆ ಕೀ ಕೊಡಲು ಹತ್ತು ಸೆಕೆಂಡು ಸಾಕು. ದಿನಕ್ಕೆ ಹತ್ತು ವಾಚು ಮಾರುವವನು ಅದನ್ನು ಮಾಡದೆ ಇರುತ್ತಾನೆಯೇ? ಮಾಡಿರುತ್ತಾನೆ. ನಡೆದಿದ್ದರೆ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದ.

ಫೋಟೊದಲ್ಲಿ ಏನಿಲ್ಲ?

ಹಳೇ ವಾಚಿನ ಜೀವ ಹಿಂಬದಿಯಲ್ಲಿದೆ. ಮುಂಭಾಗದ ಆರು ಫೋಟೊ ಹಾಕಿ, ಮುಚ್ಚಳ ತೆಗೆದ ಒಂದೇ ಒಂದು ಫೋಟೊ ಹಾಕದವರ ಬಗ್ಗೆ ಹುಷಾರಾಗಿರಿ. ಬೆಲ್ಟು ಕಟ್ಟಿ, ಓರೆಯಾಗಿ, ಬೆಳಕು ಹಾಯಿಸಿ ತೆಗೆದ ಫೋಟೊ ನೋಡಲು ಚಂದ. ಆದರೆ ಡಯಲ್‌ನ ಅಕ್ಷರ ನೋಡಲು ನೇರವಾಗಿ ತೆಗೆದದ್ದೇ ಬೇಕು.

ಇರುವ ಫೋಟೊವನ್ನು ದೊಡ್ಡದು ಮಾಡಿ. ಕಾರ್ಖಾನೆಯಲ್ಲಿ ಅಚ್ಚಾದ ಅಕ್ಷರ ತೆಳ್ಳಗೆ, ಅಂಚು ಚೂಪಾಗಿ ಇರುತ್ತದೆ. ಮತ್ತೆ ಬಳಿದದ್ದು ಸ್ವಲ್ಪ ದಪ್ಪ, ಅಲ್ಲಲ್ಲಿ ಶಾಯಿ ಹರಡಿದ ಹಾಗೆ ಕಾಣುತ್ತದೆ. '17 ಜ್ಯುವೆಲ್ಸ್' (ಮಷೀನಿನ ಹರಳುಗಳ ಲೆಕ್ಕ), 'ಪ್ಯಾರಾಶಾಕ್' (ಏಟು ತಡೆಯುವ ವ್ಯವಸ್ಥೆ) ಅನ್ನುವ ಸಾಲುಗಳು ಡೊಂಕಾಗಿವೆಯೇ? ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂತಿವೆಯೇ? ಸೆಕೆಂಡ್ ಮುಳ್ಳು ಗೆರೆಗಳವರೆಗೆ ಮುಟ್ಟುತ್ತದೆಯೇ, ಅರ್ಧದಲ್ಲೇ ನಿಂತಿದೆಯೇ? ಗುಲಾಬಿ, ಕಿತ್ತಳೆ, ಗಿಳಿ ಹಸಿರು ಡಯಲ್ ಕಂಡರೆ ಎರಡು ಸಲ ಯೋಚಿಸಿ. ಐವತ್ತು ವರ್ಷ ಹಳೆಯದು ಅನ್ನುವ ಡಯಲ್‌ನಲ್ಲಿ ಒಂದೂ ಕಲೆ ಇಲ್ಲದಿದ್ದರೆ ಮೂರು ಸಲ.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಅದೇ ಫೋಟೊ ಬೇರೆ ಊರಿನ, ಬೇರೆ ಹೆಸರಿನವರ ಹತ್ತಿರವೂ ಮಾರಾಟಕ್ಕೆ ಇದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಕೇಳಿ, ಆದರೆ ಸೈಟಿನ ಒಳಗೇ ಕೇಳಿ

ಮಾಟುಂಗದ ನನ್ನ ಗೆಳೆಯ ಹಳೇ ಅಂಚೆ ಚೀಟಿ ಕೂಡಿಡುತ್ತಾನೆ. ಹರಾಜಿನಲ್ಲಿ ಅವನು ನನಗಿಂತ ಪಳಗಿದವನು. ಮೂರೇ ಪ್ರಶ್ನೆ ಕೇಳು ಅಂದ. ನಾನು ಅದನ್ನು ವಾಚಿಗೆ ಹೊಂದಿಸಿಕೊಂಡೆ: ಡಯಲ್ ಬಣ್ಣ ಬಳಿದದ್ದೋ ಅಲ್ಲವೋ? ಯಾವ ಭಾಗ ಬದಲಾಗಿದೆ? ಪೂರ್ತಿ ಕೀ ಕೊಟ್ಟರೆ ಎಷ್ಟು ಗಂಟೆ ನಡೆಯುತ್ತದೆ, ದಿನಕ್ಕೆ ಎಷ್ಟು ನಿಮಿಷ ಹಿಂದೆ ಮುಂದೆ? ಜೊತೆಗೆ ಮುಚ್ಚಳ ತೆಗೆದ ಫೋಟೊ, ಪಕ್ಕದಲ್ಲಿ ಇವತ್ತಿನ ತಾರೀಖು ಬರೆದ ಚೀಟಿ ಇಟ್ಟು ತೆಗೆದದ್ದು.

ಖಚಿತವಾದ ಉತ್ತರ ಬರುವ ಹಾಗೆ ಕೇಳಿ. "ವಾಚು ಹೇಗಿದೆ ಸರ್" ಅಂದರೆ "ಟಾಪ್ ಕಂಡಿಷನ್ ಸರ್" ಅಂತಲೇ ಉತ್ತರ ಬರುತ್ತದೆ. "ವಾಟ್ಸಾಪ್‌ಗೆ ಬನ್ನಿ, ಹೊರಗೆ ಕೊಟ್ಟರೆ 500 ಕಡಿಮೆ" ಅಂದರೆ ಹೋಗಬೇಡಿ. ಹೊರಗೆ ದುಡ್ಡು ಕೊಟ್ಟರೆ ಸೈಟಿನವರ ರಕ್ಷಣೆ ನಿಮಗೆ ಸಿಗುವುದಿಲ್ಲ. ಉತ್ತರ ಬಂದ ಮೇಲೆ ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಕೆಳಗಿನ ಸಾಲು ಸೇರಿಸಿ. ಹರಾಜು ಮುಗಿದ ಮೇಲೆ ಆ ಪುಟ ಸಿಗುತ್ತದೆ ಅಂತ ಭರವಸೆ ಇಲ್ಲ.

ಬಿಡ್ ಹಾಕುವಾಗ

ನಿಮ್ಮ ಗರಿಷ್ಠ ಬೆಲೆಯನ್ನು ಮೊದಲೇ ಕಾಗದದ ಮೇಲೆ ಬರೆಯಿರಿ. ಕೊರಿಯರ್ ಖರ್ಚು, ರಿಪೇರಿ ಖರ್ಚು ಅದರಲ್ಲೇ ಸೇರಲಿ. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕವೂ ಸೇರಲಿ. ಇಬೇ ತರಹದ ಸೈಟುಗಳಲ್ಲಿ ಗರಿಷ್ಠ ಬೆಲೆ ಒಮ್ಮೆ ಹಾಕಿದರೆ ಸಾಕು, ಎದುರಾಳಿಯನ್ನು ದಾಟಲು ಎಷ್ಟು ಬೇಕೋ ಅಷ್ಟೇ ಅದು ತಾನಾಗಿ ಏರಿಸುತ್ತದೆ. ನಾನು ಬರೆದುಕೊಂಡಿದ್ದು 2,500. ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಮೊಬೈಲು. ಕೊನೆಯ ಎರಡು ನಿಮಿಷದಲ್ಲಿ ಯಾರೋ ಏರಿಸಿದರು, ನಾನೂ ಏರಿಸಿದೆ. ಏರಿಸಿದವರ ಖಾತೆ ಹೊಚ್ಚ ಹೊಸದು, ಹಿಂದೆ ಏನೂ ಕೊಂಡ ಗುರುತಿಲ್ಲ. ಮಾರುವವರ ಕಡೆಯವರೇ ಬೆಲೆ ಏರಿಸುವ ಆಟಕ್ಕೆ ಇದು ಒಂದು ಲಕ್ಷಣ. ಬಿಡ್‌ಗಳ ಪಟ್ಟಿ ತೆರೆದು ನೋಡಿದ್ದರೆ ಆಗಲೇ ಕಾಣುತ್ತಿತ್ತು.

ಪಾರ್ಸೆಲ್ ಬಂದ ಮೇಲೆ

ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ದೂರು ಕೊಡುವ ಮೊದಲೇ ಚಾಚಾ ಕೈಯಲ್ಲಿ ವಾಚು ಬಿಚ್ಚಿಸಿದೆ. "ನೀವೇ ಬಿಚ್ಚಿಸಿದ್ದೀರಿ, ಒಳಗಿನದ್ದು ಬದಲಾಯಿಸಿಲ್ಲ ಅಂತ ಏನು ಗ್ಯಾರಂಟಿ?" ಅಂತ ಮಾರಿದವನು ಬರೆದ. ಜೊತೆಗೆ ಆ 'ರೀಫಿನಿಶ್ಡ್' ಸಾಲು ಎತ್ತಿ ತೋರಿಸಿದ. ದುಡ್ಡು ಹೋಯಿತು.

ಹಾಗಾಗಿ ಪಾರ್ಸೆಲ್ ಮೇಲಿನ ವಿಳಾಸದ ಚೀಟಿಯಿಂದ ಶುರುಮಾಡಿ, ವಾಚು ಹೊರಬರುವ ತನಕ ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ಒರೆಸಬೇಡಿ, ಬೆಲ್ಟು ಬದಲಿಸಬೇಡಿ, ಬಿಚ್ಚಿಸಬೇಡಿ. ವಿವರಣೆಗೂ ವಸ್ತುವಿಗೂ ತಾಳೆ ಇಲ್ಲದಿದ್ದರೆ ಅವತ್ತೇ ಸೈಟಿನಲ್ಲಿ 'ವಿವರಿಸಿದ ಹಾಗಿಲ್ಲ' ಅನ್ನುವ ದೂರು ತೆರೆಯಿರಿ. ಇಬೇಯಲ್ಲಿ ಸಾಮಾನ್ಯವಾಗಿ ಇದಕ್ಕೆ 30 ದಿನ ಸಮಯ. "ಸೈಟು ಬೇಡ, ನಾನೇ ದುಡ್ಡು ಕಳಿಸುತ್ತೇನೆ" ಅಂತ ಮಾರಿದವರು ದಿನ ತಳ್ಳಿದರೆ ಒಪ್ಪಬೇಡಿ, ಅವಧಿ ಮುಗಿಯಲಿ ಅಂತಲೇ ತಳ್ಳುವುದು. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿಗೆ ಚಾರ್ಜ್‌ಬ್ಯಾಕ್, ಅಂದರೆ ಕೊಟ್ಟ ದುಡ್ಡು ವಾಪಸು, ಕೇಳುವ ದಾರಿಯೂ ಇದೆ.

'ನೋ ರಿಟರ್ನ್' ಅಂತ ಬರೆದಿದೆ, ಇನ್ನೇನು ಮಾಡುವುದು ಅಂತ ಕೈಚೆಲ್ಲಬೇಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ವಸ್ತುವನ್ನು ವಾಪಸು ತೆಗೆದುಕೊಳ್ಳಲು ಮಾರುವವರು ನಿರಾಕರಿಸುವ ಹಾಗಿಲ್ಲ. ಸೈಟಿನ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆದರೆ ಮನೆಯಲ್ಲಿದ್ದ ಒಂದು ಹಳೇ ವಾಚನ್ನು ಮಾರಿದ ಸಾಮಾನ್ಯ ಮನುಷ್ಯರಿಗೆ ಈ ನಿಯಮ ಹತ್ತುವುದಿಲ್ಲ. ವ್ಯಾಪಾರವಾಗಿ ಮಾರುವವರಿಗೆ ಮಾತ್ರ. ಮಾರುವವರ ಪುಟದಲ್ಲಿ ಇನ್ನೂ ನಲವತ್ತು ವಾಚು ಇದ್ದರೆ ಅದರ ಸ್ಕ್ರೀನ್‌ಶಾಟ್ ಕೂಡ ಇಟ್ಟುಕೊಳ್ಳಿ.

ಸೈಟಿನವರೂ ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಡೊಂಬಿವಲಿಯ ನನಗೆ ಅದು ಠಾಣೆ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ದುಡ್ಡು ತಗೊಂಡು ವಾಚೇ ಕಳಿಸದೆ ಮಾಯವಾದರೆ ಅದು ಬೇರೆ ಲೆಕ್ಕ: ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಖಿಚಡಿ ವಾಚು ಈಗಲೂ ನನ್ನ ಮೇಜಿನ ಮೇಲಿದೆ, ದಿನಕ್ಕೆ ಏಳು ನಿಮಿಷ ಮುಂದೆ ಓಡುತ್ತದೆ. ಮೊನ್ನೆ ಇನ್ನೊಂದು ಜನತಾ ಕಣ್ಣಿಗೆ ಬಿತ್ತು. ಡಯಲ್ ಸ್ವಲ್ಪ ಹಳದಿ ತಿರುಗಿದೆ, ಆರರ ಹತ್ತಿರ ಒಂದು ಕಲೆ. ಮುಚ್ಚಳ ತೆಗೆದ ಫೋಟೊ ಕೇಳಿ ಎರಡು ದಿನವಾಯಿತು. ಹರಾಜು ಭಾನುವಾರ ರಾತ್ರಿ 9ಕ್ಕೆ ಮುಗಿಯುತ್ತದೆ. ಉತ್ತರ ಬಂದಿಲ್ಲ, ನಾನೂ ಬಿಡ್ ಹಾಕಿಲ್ಲ.