ರಾ ರೈಸ್ ಮಿಲ್ಲು ಸ್ಟೀಮ್‌ಗೆ ಬದಲಾಗುವಾಗ: ಕಾರಟಗಿಯಿಂದ ನಮ್ಮ ಅನುಭವ

ಗಂಗಾವತಿ, ಕಾರಟಗಿ, ಸಿಂಧನೂರು ಪಟ್ಟಿಯ ಹಳೆ ರಾ ರೈಸ್ ಮಿಲ್ಲುಗಳಿಗೆ, ಅಂದರೆ ಹಬೆ ಕೊಡದೆ ಭತ್ತ ಗಿರಣಿ ಮಾಡುವ ಮಿಲ್ಲುಗಳಿಗೆ, ಲಾಭ ಹುಟ್ಟುತ್ತಿದ್ದದ್ದು ಗೋದಾಮಿನಲ್ಲಿ. ಸುಗ್ಗಿಯಲ್ಲಿ ಸೋನಾ ಭತ್ತ ಕೊಂಡು, ನಿಟ್ಟು ಒಟ್ಟಿ, ಹತ್ತು ಹನ್ನೆರಡು ತಿಂಗಳು ಮಾಗಿಸಿ, ಹಳೆ ಅಕ್ಕಿ ಎಂದು ಮಾರುವುದು ಕಸುಬಾಗಿತ್ತು. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಹಳೆಯದು ಉದುರುದುರಾಗಿರುತ್ತದೆ. ಗಿರಾಕಿ ದುಡ್ಡು ಕೊಡುತ್ತಿದ್ದದ್ದು ಆ ಹಳಮೆಗೆ. ಇದರ ಜೊತೆಗೆ ಸರ್ಕಾರದ ಲೆವಿ ಇತ್ತು, ಅಂದರೆ ಅಕ್ಕಿಯ ಒಂದು ಪಾಲನ್ನು ಸರ್ಕಾರಕ್ಕೇ ಮಾರಬೇಕಿತ್ತು, ಆ ಪಾಲಿಗೆ ಕೊಳ್ಳುವವರು ಗೊತ್ತಿದ್ದರು. 2015ರ ಅಕ್ಟೋಬರ್ 1ರಿಂದ ಲೆವಿ ನಿಂತ ಮೇಲೆ ಪ್ರತಿ ಚೀಲವನ್ನೂ ಪೇಟೆಯಲ್ಲೇ ಮಾರಬೇಕಾಯಿತು.

ಅಷ್ಟರಲ್ಲಿ ಸ್ಟೀಮ್ ಅಕ್ಕಿ ಬಂತು. ಭತ್ತಕ್ಕೆ ಕೆಲವೇ ನಿಮಿಷ ಹಬೆ ಕೊಟ್ಟು ಒಣಗಿಸಿದರೆ ಕಾಳಿನ ಪಿಷ್ಟ ಸ್ವಲ್ಪ ಬೆಂದು ಗಟ್ಟಿಯಾಗುತ್ತದೆ. ಮುಂದಿನ ವಾರವೇ ಗಿರಣಿ ಮಾಡಿದರೂ ಅನ್ನ ಅಂಟುವುದಿಲ್ಲ, ನುಚ್ಚೂ ಕಡಿಮೆ. ಒಂದು ವರ್ಷ ಕಾಯಿಸಿ ಕೊಡುತ್ತಿದ್ದ ಗುಣ ಒಂದು ವಾರದಲ್ಲಿ ಸಿಗತೊಡಗಿತು.

ಕಾಯುವುದರ ಖರ್ಚು ನೋಡಿ. ನಮ್ಮಲ್ಲಿ ಭತ್ತದ ಲೆಕ್ಕ 75 ಕೆಜಿ ಚೀಲಕ್ಕೆ. ಚೀಲ 1,800 ರೂಪಾಯಿ, ಬಡ್ಡಿ ಶೇ 10 ಎಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ 150 ರೂಪಾಯಿ ಬಡ್ಡಿ. ಒಣಗಿ, ಹುಳು ತಿಂದು ಒಂದೂವರೆ ಕೆಜಿ ತೂಕ ಕಡಿಮೆಯಾದರೆ ಇನ್ನೊಂದು 36 ರೂಪಾಯಿ. ಆ ಚೀಲದಿಂದ ಬರುವ, ನುಚ್ಚಾಗದ ಇಡೀ ಅಕ್ಕಿ ಸುಮಾರು 41 ಕೆಜಿ. ಅಂದರೆ ಕೆಜಿಗೆ ನಾಲ್ಕೂವರೆ ರೂಪಾಯಿ ಹಳಮೆಗೇ ಹೋಯಿತು. ಪಕ್ಕದ ಮಿಲ್ಲು ಅದನ್ನು ಹಬೆಯಿಂದ ಮಾಡಿ ಒಂದು ರೂಪಾಯಿ ಕಡಿಮೆಗೆ ಕೊಟ್ಟರೆ ನಿಮ್ಮ ನಿಟ್ಟು ಅಲುಗುವುದಿಲ್ಲ.

ಈ ಲೆಕ್ಕ ಎಲ್ಲರಿಗೂ ಗೊತ್ತಾಯಿತು. ಆದರೂ ಬಹಳ ಮಿಲ್ಲುಗಳು ಎಡವಿದವು. ಮೊದಲು ಬಣ್ಣ ಕೆಟ್ಟ ಕಾಳು ಆರಿಸುವ ಯಂತ್ರ, ಕಲರ್ ಸಾರ್ಟೆಕ್ಸ್ ಕೊಂಡರು, ಆಮೇಲೆ ಬಾಯ್ಲರ್ ಕೂರಿಸಿದರು, ಡ್ರೈಯರ್ ಮಾತ್ರ ಇದ್ದ ಜಾಗದಲ್ಲಿ ಹಿಡಿಯುವಷ್ಟು ಸಣ್ಣದು ಹಾಕಿದರು. ಭತ್ತ ಕೊಳ್ಳುವ ರೀತಿಯನ್ನಂತೂ ಮುಟ್ಟಲೇ ಇಲ್ಲ. ಸ್ಟೀಮ್ ಮಿಲ್ಲಿನ ಓಟ ಕಟ್ಟಿಕೊಳ್ಳುವುದು ಡ್ರೈಯರ್‌ನಲ್ಲಿ, ಡ್ರೈಯರ್‌ನ ಹಣೆಬರಹ ನಿರ್ಧಾರವಾಗುವುದು ಭತ್ತದ ಲೋಡು ತೂಗಿ ಕೊಳ್ಳುವ ವೇಬ್ರಿಜ್ ಹತ್ತಿರ.

ಕಟಾವು ಯಂತ್ರದಿಂದ ನೇರ ಬರುವ ಭತ್ತದಲ್ಲಿ ಶೇ 20ರಿಂದ 24 ತೇವ ಇರುತ್ತದೆ. ಶೇ 22 ತೇವದ 75 ಕೆಜಿ ಚೀಲ ಶೇ 14ಕ್ಕೆ ಇಳಿದಾಗ 68 ಕೆಜಿ. ಏಳು ಕೆಜಿ ನೀರಿಗೆ ಭತ್ತದ ಬೆಲೆ ಕೊಟ್ಟಂತಾಯಿತು. ಅಷ್ಟೇ ಅಲ್ಲ. ನೆನೆಸದೆ ಬರೀ ಹಬೆ ಕೊಟ್ಟಾಗ ಒಣ ಭತ್ತ ಸುಮಾರು ಶೇ 20ಕ್ಕೆ ಏರುತ್ತದೆ. ಹಸಿ ಭತ್ತವಾದರೆ 26ರ ಹತ್ತಿರ. 12 ಟನ್ನಿನ ಒಂದು ಬ್ಯಾಚನ್ನು 20ರಿಂದ 13.5ಕ್ಕೆ ತರಲು ಸುಮಾರು 900 ಲೀಟರ್ ನೀರು ತೆಗೆಯಬೇಕು, 26ರಿಂದ ತರಲು 1,700 ಲೀಟರಿಗೂ ಮೇಲೆ. ಡ್ರೈಯರ್ ಅದೇ, ಬಾಯ್ಲರ್‌ಗೆ ಉರಿಸುವ ಹೊಟ್ಟು ಅದೇ, ಕೆಲಸ ಮಾತ್ರ ಹೆಚ್ಚುಕಡಿಮೆ ಎರಡು ಪಟ್ಟು.

ಅದಕ್ಕೆ ನಾವು ಮೊದಲು ಬದಲಿಸಿದ್ದು ಖರೀದಿ. ಹಲ್ಲಲ್ಲಿ ಕಚ್ಚಿ ನೋಡಿ ದರ ಹೇಳುವುದನ್ನು ಬಿಟ್ಟು, ಪ್ರತಿ ಟ್ರ್ಯಾಕ್ಟರಿನ ಐದು ಕಡೆಯಿಂದ ಮಾದರಿ ತೆಗೆದು ಮೀಟರ್ ಹಾಕಿ, ಶೇ 17ರ ಮೇಲಿನ ಪ್ರತಿ ಅಂಶಕ್ಕೆ ಕಡಿತ ಎಷ್ಟು ಎಂದು ಗೋಡೆಯ ಮೇಲೆ ಬರೆದು ಹಾಕಿದೆವು. ಮೀಟರಿನ ಅಂಕಿ ರೈತರಿಗೂ ಕಾಣುವಂತೆ ಇರಬೇಕು. ಎರಡು ದಿನ ಕಣದಲ್ಲಿ ಹರವಿ ಒಣಗಿಸಿ ತಂದವರಿಗೆ ಆ ಕಷ್ಟದ ದುಡ್ಡು ಸಿಗಲೇಬೇಕು. ಇಲ್ಲವಾದರೆ ಮುಂದಿನ ಸಲ ಯಾರೂ ಒಣಗಿಸುವುದಿಲ್ಲ. ಕೆಲವು ದಲ್ಲಾಳಿಗಳು ಬೇಸರಪಟ್ಟು ಬೇರೆ ಮಿಲ್ಲಿಗೆ ಲೋಡು ತಿರುಗಿಸಿದರು. ತಿರುಗಿ ಹೋದದ್ದು ಬಹುಪಾಲು ಹಸಿ ಭತ್ತ.

ಹಬೆಯ ಕೆಲಸ ಚಿಕ್ಕದು, ಆದರೆ ತಪ್ಪಿಗೆ ಜಾಗ ಬಹಳ. ಹಬೆ ಕೊಡುವ ಟ್ಯಾಂಕಿಗೆ ಭತ್ತ ತುಂಬುವ ಮೊದಲು ಕೆಳಗಿನ ಡ್ರೈನ್ ವಾಲ್ವ್ ತೆಗೆದು ಪೈಪಿನಲ್ಲಿ ನಿಂತ ನೀರು ಬಿಡಬೇಕು. ಬಿಡದಿದ್ದರೆ ತಳದ ಭತ್ತ ನೆನೆದು ಹಳದಿಯಾಗಿ ಇಡೀ ಲಾಟಿಗೆ ಬೆರೆಯುತ್ತದೆ. ಟ್ಯಾಂಕಿನ ಬಾಯಲ್ಲಿ ಒಂದೇ ಕಡೆಯಿಂದಲ್ಲ, ಸುತ್ತಲೂ ಸಮನಾಗಿ ಹಬೆ ಮೇಲೇಳಬೇಕು. ಅಲ್ಲಿಂದ ಒಂದೆರಡು ನಿಮಿಷ ಸಾಕು. ಹೆಚ್ಚಾದರೆ ಹೊಟ್ಟು ಬಾಯಿ ಬಿಡುತ್ತದೆ, ಅಕ್ಕಿ ಕೆಂಪಗೆ ತಿರುಗುತ್ತದೆ. ಕಡಿಮೆಯಾದರೆ ಮೇಲಿನ ಭತ್ತ ಬೇಯದೆಯೇ ಉಳಿದು, ಒಂದೇ ಪಾತ್ರೆಯಲ್ಲಿ ಅರ್ಧ ಅನ್ನ ಉದುರು, ಅರ್ಧ ಮುದ್ದೆ. ಗಿರಾಕಿಯ ದೂರು ಬಂದಾಗ ಮೊದಲು ಹುಡುಕಬೇಕಾದದ್ದು ಇದನ್ನೇ. ಹಬೆಯಾದ ಭತ್ತವನ್ನು ರಾಶಿಯಲ್ಲಿ ಬಿಸಿಯಾಗಿ ಬಿಡಬೇಡಿ, ಕೂಡಲೇ ಡ್ರೈಯರ್‌ಗೆ ಏರಿಸಿ.

ಒಣಗಿಸುವುದು ಎರಡು ಸಲ. ಮೊದಲ ಸುತ್ತಿಗೆ 80ರಿಂದ 90 ಡಿಗ್ರಿ ಗಾಳಿ, ತೇವ 16–17ಕ್ಕೆ ಬಂದ ಕೂಡಲೇ ನಿಲ್ಲಿಸಿ ಬಿನ್ನಿಗೆ (ಭತ್ತ ತುಂಬಿಡುವ ತೊಟ್ಟಿಗೆ) ಇಳಿಸಿ ಆರರಿಂದ ಎಂಟು ಗಂಟೆ ಬಿಡುತ್ತೇವೆ. ಕಾಳಿನ ನಡುವಿನ ತೇವ ಹೊರಗೆ ಬರಲು ಆ ಹೊತ್ತು ಬೇಕು. ಎರಡನೇ ಸುತ್ತಿಗೆ 55–60 ಡಿಗ್ರಿ, 13ಕ್ಕೆ ಮುಗಿತಾಯ. ಲೋಡು ಹೊರಡಿಸುವ ಅವಸರದಲ್ಲಿ ಒಂದೇ ಉಸಿರಿಗೆ 13ಕ್ಕೆ ಇಳಿಸಿದರೆ ಕಾಳು ಬಿರಿಯುತ್ತದೆ. ಮೋಸ ಏನೆಂದರೆ, ಬಿರುಕು ಡ್ರೈಯರ್ ಒಳಗೆ ಕಾಣುವುದಿಲ್ಲ, ಇಳಿಸಿದ ಮೇಲೆ ಕೆಲವು ಗಂಟೆಗಳಲ್ಲಿ ಬರುತ್ತದೆ. ಬಿಸಿ ಭತ್ತಕ್ಕೆ ಮೀಟರ್ ಹಾಕಿದರೂ ಅಂಕಿ ತಪ್ಪು, ಆರಿಸಿಯೇ ಅಳೆಯಬೇಕು.

ಮಾರನೆ ದಿನ ಬೆಳಿಗ್ಗೆ ಲಾಟಿನಿಂದ ನೂರು ಕಾಳು ಎಣಿಸಿ, ಬೆರಳಲ್ಲೇ ಹೊಟ್ಟು ಸುಲಿದು, ಮೊಬೈಲ್ ಟಾರ್ಚಿನ ಮೇಲೆ ಗಾಜಿನ ತುಂಡಿಟ್ಟು ಹರವಿ. ಚೆನ್ನಾಗಿ ಒಣಗಿದ ಕಾಳು ಮೇಣದಂತೆ ತಿಳಿಯಾಗಿ ಬೆಳಗುತ್ತದೆ. ಬಿರಿದ ಕಾಳಿನಲ್ಲಿ ಅಡ್ಡಕ್ಕೆ ಕೂದಲೆಳೆಯಂಥ ಕಪ್ಪು ಗೆರೆ. ನಡುವೆ ಸುಣ್ಣದ ಚುಕ್ಕೆಯಂತೆ ಬಿಳುಪು ಉಳಿದಿದ್ದರೆ ಹಬೆ ತಲುಪಿಲ್ಲ. ನೂರಕ್ಕೆ ಹತ್ತರ ಮೇಲೆ ಗೆರೆ ಕಂಡರೆ ನಾವು ಆ ಲಾಟಿಗೆ ಹೊಟ್ಟು ಸುಲಿಯುವ ಶೆಲ್ಲರ್ ಚಾಲೂ ಮಾಡುವುದಿಲ್ಲ, ಡ್ರೈಯರ್ ಆಪರೇಟರ್ ಜೊತೆ ಹಿಂದಿನ ದಿನದ ತಾಪಮಾನದ ಚೀಟಿ ಹಿಡಿದು ಕೂರುತ್ತೇವೆ. ಖರ್ಚಿಲ್ಲದ ಹತ್ತು ನಿಮಿಷದ ಕೆಲಸ. ಲಕ್ಷಗಟ್ಟಲೆ ಬೆಲೆಯ ಸಾರ್ಟೆಕ್ಸ್ ಹಳದಿ ಕಾಳು ತೆಗೆಯುತ್ತದೆ, ಬಿರಿದ ಕಾಳನ್ನು ಕೂಡಿಸಿ ಕೊಡುವುದಿಲ್ಲ.

ಪೂರ್ತಿ ಕುಸುಬಲಕ್ಕಿಗೆ ಏಕೆ ಹೋಗಲಿಲ್ಲ ಎಂದು ಕೇಳುವವರಿದ್ದಾರೆ. ಅದಕ್ಕೆ 65–70 ಡಿಗ್ರಿ ನೀರಿನಲ್ಲಿ ಮೂರ್ನಾಲ್ಕು ಗಂಟೆ ನೆನೆಸಬೇಕು. ಆ ನೀರು ಹುಳಿವಾಸನೆ ಹೊಡೆಯುತ್ತದೆ, ಕಾಲುವೆಗೆ ಬಿಡುವಂತಿಲ್ಲ, ಶುದ್ಧೀಕರಣ ಘಟಕ ಬೇಕು. ನಮ್ಮ ಕಡೆಯ ಊಟಕ್ಕೂ ಆ ಅಕ್ಕಿ ಹೊಂದದು.

ಹೊಟ್ಟಿನ ಚಿಂತೆ ಬೇಡ, ಭತ್ತದ ಐದನೇ ಒಂದು ಪಾಲು ಹೊಟ್ಟೇ ಆದ್ದರಿಂದ ಬಾಯ್ಲರ್‌ಗೆ ಹಾಕಿಯೂ ಉಳಿಯುತ್ತದೆ. ಚಿಂತೆ ಬೂದಿಯದ್ದು ಮತ್ತು ನೀರಿನದ್ದು. ಹೊಗೆಯಲ್ಲಿನ ಬೂದಿ ಹಿಡಿಯಲು ಸೈಕ್ಲೋನ್ ಜೊತೆ ನೀರಿನ ಸ್ಕ್ರಬ್ಬರ್ ಇಲ್ಲದಿದ್ದರೆ ಅಕ್ಕಪಕ್ಕದ ಮನೆಯ ಬಟ್ಟೆ, ಅನ್ನದ ತಟ್ಟೆ ಎಲ್ಲದರ ಮೇಲೆ ಕರಿ ಬೀಳುತ್ತದೆ. ಅವರ ಕೋಪ ನ್ಯಾಯವಾದದ್ದು. ಬೋರ್‌ವೆಲ್ಲಿನ ಗಡಸು ನೀರನ್ನು ಸಾಫ್ಟ್‌ನರ್ ಇಲ್ಲದೆ ಬಾಯ್ಲರ್‌ಗೆ ಬಿಟ್ಟರೆ ಟ್ಯೂಬಿಗೆ ಸುಣ್ಣ ಕಟ್ಟಿ ಹೊಟ್ಟು ಹೆಚ್ಚು ತಿನ್ನುತ್ತದೆ, ಕೊನೆಗೆ ಟ್ಯೂಬ್ ಉಬ್ಬುತ್ತದೆ. ತೌಡಿನಲ್ಲಿ ಮಾತ್ರ ನಿರೀಕ್ಷಿಸದ ಲಾಭವಿದೆ. ರಾ ತೌಡು ಒಂದೆರಡು ದಿನದಲ್ಲಿ ಕಮಟಲು ಹಿಡಿಯುತ್ತದೆ. ಹಬೆ ತಾಗಿದ್ದು ಹೆಚ್ಚು ದಿನ ತಡೆಯುವುದರಿಂದ ಎಣ್ಣೆ ಮಿಲ್ಲಿನವರೊಂದಿಗೆ ದರ ಮಾತಾಡಲು ಸಮಯ ಸಿಗುತ್ತದೆ. ಆದರೆ ಜಿಗುಟು ಜಾಸ್ತಿ, ಪಾಲಿಶರ್ ಜಾಲರಿ ಪ್ರತಿ ಪಾಳಿಗೆ ತೊಳೆಯಬೇಕು.

ತಳಿಯೂ ಬದಲಾಗಿದೆ. ಮೊದಲಿನ ಬಿಪಿಟಿ 5204 ಐದು ತಿಂಗಳ ಬೆಳೆ. ಈಗಿನ ಆರ್‌ಎನ್‌ಆರ್ 15048 ಸುಮಾರು 125 ದಿನಕ್ಕೆ ಬರುತ್ತದೆ, ನೀರು ಬೇಗ ನಿಲ್ಲುವ ಕಾಲುವೆ ಕೊನೆಯ ರೈತರಿಗೆ ಅನುಕೂಲ. ಕಾಳು ಇನ್ನೂ ಸಣ್ಣ. ಶೆಲ್ಲರಿನಲ್ಲಿ ಬಿಪಿಟಿಗೆ ಇಟ್ಟ ರಬ್ಬರ್ ರೋಲಿನ ಅಂತರದಲ್ಲೇ ಓಡಿಸಿದರೆ ಸುಲಿಯದ ಭತ್ತ ಉಳಿಯುತ್ತದೆ, ಬಿಗಿ ಮಾಡಿದರೆ ನುಚ್ಚು. ಎರಡನ್ನೂ ಬೆರೆಸಬೇಡಿ, ಬೇಯುವ ಹೊತ್ತು ಬೇರೆ. ಒಂದರ ಚೀಲದ ಮೇಲೆ ಇನ್ನೊಂದರ ಹೆಸರನ್ನಂತೂ ಹಾಕಲೇಬೇಡಿ.

ಚೀಲದ ಅಳತೆ ತೆರಿಗೆಯಿಂದ ಬದಲಾಯಿತು. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಪ್ಯಾಕಿಗೆ ಶೇ 5 ಜಿಎಸ್‌ಟಿ ಬಂದಾಗ ಎಲ್ಲರೂ 26 ಕೆಜಿಗೆ ಹಾರಿದರು. ನಾವು 26 ಕೆಜಿ ಜೊತೆ 5, 10 ಕೆಜಿಯನ್ನೂ ಉಳಿಸಿಕೊಂಡೆವು. ಬೆಂಗಳೂರಿನ ಸಣ್ಣ ಸಂಸಾರಗಳು ಅದನ್ನೇ ಕೇಳುತ್ತವೆ, ಅಲ್ಲಿ ದುಡ್ಡು ಬೇಗ ತಿರುಗುತ್ತದೆ. ಪಾಲಿಶ್ ಆದ ಅಕ್ಕಿ ಒಂದು ರಾತ್ರಿ ಆರಿದ ಮೇಲೆಯೇ ತುಂಬಬೇಕು. ಬಿಸಿ ಅಕ್ಕಿ ಲ್ಯಾಮಿನೇಟೆಡ್ ಚೀಲದೊಳಗೆ ಬೆವತು ಮುಗ್ಗಲು ಹಿಡಿಯುತ್ತದೆ.

ಒಬ್ಬನೇ ಕೊಳ್ಳುವವನನ್ನು ನಂಬಿದ ಮಿಲ್ಲುಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು 2023ರ ಜುಲೈ 20ರಂದು, ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತಿಗೆ ನಿಷೇಧ ಬಂದಾಗ. ಅದು ತೆರವಾಗಲು 2024ರ ಸೆಪ್ಟೆಂಬರ್ ಕೊನೆಯಾಯಿತು. ಹದಿನಾಲ್ಕು ತಿಂಗಳು ಬಡ್ಡಿ ಯಾರಿಗೂ ನಿಲ್ಲುವುದಿಲ್ಲ. ಹಳೆ ಗಿರಾಕಿ ಎಂದು 90 ದಿನ ಉದ್ರಿ ಕೊಡುವುದೂ ಇದೇ ಜಾತಿಯ ಅಪಾಯ. ಗೋದಾಮಿನ ಕಾಲದಲ್ಲಿ ಅದು ನಡೆಯುತ್ತಿತ್ತು. ಸ್ಟೀಮ್‌ನಲ್ಲಿ ಚೀಲಕ್ಕೆ ಸಿಗುವುದು ಸ್ವಲ್ಪ, ವರ್ಷಕ್ಕೆ ಹಲವು ಸುತ್ತು ತಿರುಗಿದರೆ ಮಾತ್ರ ಲಾಭ. ನಮ್ಮ ಮಿತಿ 21 ದಿನ, ಹಿಂದಿನ ಲೋಡಿನ ಹಣ ಬಾರದೆ ಮುಂದಿನದು ಏರುವುದಿಲ್ಲ.

ಸಾಲ ತೆಗೆಯುವವರು ಕಂತನ್ನು ಒಂದೇ ಬೆಳೆಯ ಮೇಲೆ ಲೆಕ್ಕ ಹಾಕಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟ್ ಕೊಚ್ಚಿ ಹೋದಾಗ, ಎರಡನೇ ಬೆಳೆಗೆ ನೀರು ಸಿಗುವುದೋ ಇಲ್ಲವೋ ಎಂದು ಎರಡು ಬೆಳೆ ನಂಬಿ ಕಂತು ಬರೆಸಿದವರ ನಿದ್ದೆ ಕೆಟ್ಟಿತ್ತು. ಮೊದಲ ವರ್ಷ ಡ್ರೈಯರ್ ಮತ್ತು ಬಾಯ್ಲರ್, ಅದೂ ಗಿರಣಿಯ ದಿನದ ಓಟಕ್ಕಿಂತ ಕಾಲು ಪಾಲು ಹೆಚ್ಚು ಒಣಗಿಸುವಷ್ಟು. ಸಾರ್ಟೆಕ್ಸ್ ಎರಡನೇ ವರ್ಷಕ್ಕಿರಲಿ, ಅಲ್ಲಿಯವರೆಗೆ ಬೇರೆ ಮಿಲ್ಲಿನಲ್ಲಿ ಬಾಡಿಗೆಗೆ ಹಾಕಿಸಿ. ತಂದಾಗ ಕಂಪ್ರೆಸರಿಗೆ ಏರ್ ಡ್ರೈಯರ್ ಸೇರಿಸಿಯೇ ತನ್ನಿ, ಗಾಳಿಯಲ್ಲಿ ನೀರಿದ್ದರೆ, ಕೆಟ್ಟ ಕಾಳನ್ನು ಗಾಳಿ ಊದಿ ಹೊರತಳ್ಳುವ ಎಜೆಕ್ಟರ್‌ಗಳು ಮೊದಲ ಮಳೆಗಾಲದಲ್ಲೇ ಕಟ್ಟಿಕೊಳ್ಳುತ್ತವೆ.